ಸಿಗ್ನಲ್ ಆ್ಯಪ್: ಐದು ವರ್ಷ ಬಳಸಿದ ಅಂಗಡಿಯವನ ಅನುಭವ

ನಮ್ಮದು ಮೈಸೂರಿನಲ್ಲಿ ಒಂದು ಸಣ್ಣ ಪ್ರಿಂಟಿಂಗ್ ಅಂಗಡಿ. ಲಗ್ನಪತ್ರಿಕೆ, ಬಿಲ್ ಬುಕ್, ಜೆರಾಕ್ಸ್, ಲ್ಯಾಮಿನೇಶನ್. ದಿನಾ ಹತ್ತಾರು ಜನ ಆಧಾರ್, ಪ್ಯಾನ್, ಮಾರ್ಕ್ಸ್ ಕಾರ್ಡ್‌ಗಳ ಫೋಟೊವನ್ನು ನನ್ನ ವಾಟ್ಸಾಪಿಗೆ ಕಳಿಸಿ ಪ್ರಿಂಟ್ ತೆಗೆಸಿಕೊಂಡು ಹೋಗುತ್ತಾರೆ. ಆಮೇಲೆ ಡಿಲೀಟ್ ಮಾಡಿ ಅಂತ ಹೇಳಿದವರು ಇಷ್ಟು ವರ್ಷದಲ್ಲಿ ಇಬ್ಬರೋ ಮೂವರೋ.

2021ರ ಜನವರಿಯಲ್ಲಿ ವಾಟ್ಸಾಪಿನ ಹೊಸ ಪ್ರೈವಸಿ ಪಾಲಿಸಿ ಬಂದಾಗ ಎಲ್ಲರ ಹಾಗೆ ನಾನೂ ಸಿಗ್ನಲ್ ಹಾಕಿಕೊಂಡೆ. ಇದೂ ವಾಟ್ಸಾಪಿನಂಥದೇ ಮೆಸೇಜ್ ಆ್ಯಪ್. ಆ ವಾರ ಊರಿಗೆ ಊರೇ ಗುಳೆ ಹೊರಟ ಹಾಗಿತ್ತು. ತಿಂಗಳು ತುಂಬುವಷ್ಟರಲ್ಲಿ ಬಹುತೇಕ ಜನ ವಾಪಸ್. ನಾನು ಮಾತ್ರ ಉಳಿದುಕೊಂಡೆ.

ಆ್ಯಪ್‌ಗೆ ದುಡ್ಡಿಲ್ಲ, ಜಾಹೀರಾತಿಲ್ಲ. ವಾಟ್ಸಾಪ್ ಕಟ್ಟಿದವರಲ್ಲಿ ಒಬ್ಬರಾದ ಬ್ರಯಾನ್ ಆಕ್ಟನ್ 2018ರಲ್ಲಿ 5 ಕೋಟಿ ಡಾಲರ್ ಹಾಕಿ ಶುರು ಮಾಡಿಸಿದ ಫೌಂಡೇಶನ್ ಇದನ್ನು ನಡೆಸುತ್ತದೆ. ಉಳಿದದ್ದು ಜನರ ದೇಣಿಗೆ.

"ವಾಟ್ಸಾಪಲ್ಲೂ ಎನ್‌ಕ್ರಿಪ್ಶನ್ ಇದೆಯಲ್ಲ, ಇದ್ಯಾಕೆ?" ಅಂತ ತುಂಬಾ ಜನ ಕೇಳುತ್ತಾರೆ. ಇದೆ. ಎನ್‌ಕ್ರಿಪ್ಶನ್ ಅಂದರೆ ಕಳಿಸಿದವರು, ಪಡೆದವರು ಬಿಟ್ಟು ಬೇರೆ ಯಾರೂ ಓದದ ಹಾಗೆ ಮೆಸೇಜಿಗೆ ಹಾಕುವ ಬೀಗ. 2016ರಿಂದ ವಾಟ್ಸಾಪ್ ಹಾಕಿಕೊಂಡಿರುವುದು ಸಿಗ್ನಲ್‌ನವರ ಬೀಗವನ್ನೇ. ಒಳಗಿನ ಮಾತು ಎರಡರಲ್ಲೂ ಭದ್ರ. ವ್ಯತ್ಯಾಸ ಇರುವುದು ಕವರ್ ಮೇಲೆ. ನನ್ನ ಕಸುಬಿನ ಲೆಕ್ಕದಲ್ಲಿ ಹೇಳುತ್ತೇನೆ. ಮದುವೆ ಮನೆಯವರು ಕವರ್ ಮೇಲೆ ಪ್ರಿಂಟ್ ಹಾಕಿಸೋಕೆ ವಿಳಾಸದ ಪಟ್ಟಿ ತಂದುಕೊಡುತ್ತಾರೆ. ಒಳಗಿನ ಪತ್ರಿಕೆ ಓದದೇನೇ ಅವರ ನೆಂಟರು ಯಾರು, ವ್ಯವಹಾರ ಯಾರ ಜೊತೆ, ಯಾವ ಪಕ್ಷದವರ ಹತ್ತಿರ ಓಡಾಡುತ್ತಾರೆ, ಎಲ್ಲಾ ಗೊತ್ತಾಗಿಬಿಡುತ್ತದೆ. ಯಾರು ಯಾರಿಗೆ, ಯಾವಾಗ, ಎಷ್ಟು ಸಲ ಮೆಸೇಜ್ ಮಾಡಿದರು ಅನ್ನುವುದೂ ಅಂಥದೇ ಪಟ್ಟಿ. ಸರ್ಕಾರಗಳಿಗೆ ಬೇಕಿರುವುದು ಎಷ್ಟೋ ಸಲ ಇದೇ. ಅಮೆರಿಕದ ಗೂಢಚಾರ ಸಂಸ್ಥೆ ಎನ್‌ಎಸ್‌ಎಗೆ ಕೆಲಸ ಮಾಡುತ್ತಿದ್ದ ಎಡ್ವರ್ಡ್ ಸ್ನೋಡೆನ್ 2013ರಲ್ಲಿ ಹೊರಹಾಕಿದ ಅದರ ಗುಟ್ಟಿನ ಕಾಗದಗಳಲ್ಲಿ ಒಂದು ನಕ್ಷೆ ಇತ್ತು. ಆ ನಕ್ಷೆಯ ಪ್ರಕಾರ ಎನ್‌ಎಸ್‌ಎ ಆ ವರ್ಷದ ಮಾರ್ಚ್ ತಿಂಗಳೊಂದರಲ್ಲೇ ಭಾರತದಿಂದ ಎತ್ತಿದ್ದು 630 ಕೋಟಿ ತುಣುಕು ಮಾಹಿತಿ. ಲೋಕದಲ್ಲಿ ಐದನೇ ಸ್ಥಾನ ನಮ್ಮದು!

ನಮ್ಮ ಸರ್ಕಾರವೂ ಹಿಂದೆ ಬಿದ್ದಿಲ್ಲ ಬಿಡಿ. 2018ರ ಡಿಸೆಂಬರ್ 20ರಂದು ಗೃಹ ಸಚಿವಾಲಯ ಐಟಿ ಕಾಯ್ದೆಯ 69ನೇ ಸೆಕ್ಷನ್ ಅಡಿ 10 ಏಜೆನ್ಸಿಗಳ ಹೆಸರು ಕೊಟ್ಟು, ಇವು ಯಾವ ಕಂಪ್ಯೂಟರಿನ ಮಾಹಿತಿಯನ್ನಾದರೂ ಕದ್ದು ನೋಡಬಹುದು, ಬೀಗ ಬಿಚ್ಚಿಸಬಹುದು ಅಂತ ಆದೇಶ ಹೊರಡಿಸಿತು. ಇದಕ್ಕೆ ಅನುಮತಿ ಕೊಡುವವರು ಕೇಂದ್ರದಲ್ಲಿ ಗೃಹ ಕಾರ್ಯದರ್ಶಿ, ರಾಜ್ಯದಲ್ಲಿ ಗೃಹ ಇಲಾಖೆಯ ಕಾರ್ಯದರ್ಶಿ. ಜಡ್ಜ್ ಮುಂದೆ ಹೋಗಬೇಕಿಲ್ಲ. ಅದಕ್ಕೂ ಒಂದು ವರ್ಷ ಹಿಂದೆ, 2017ರ ಆಗಸ್ಟ್ 24ರಂದು, ಸುಪ್ರೀಂ ಕೋರ್ಟಿನ ಒಂಬತ್ತು ಜಡ್ಜ್‌ಗಳೂ ಸೇರಿ ಖಾಸಗಿತನ ಮೂಲಭೂತ ಹಕ್ಕು ಅಂದಿದ್ದರು. ಆ ಕೇಸು ಹಾಕಿದವರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆಧಾರ್ ಪ್ರಶ್ನಿಸಿ ಕೋರ್ಟಿಗೆ ಹೋದಾಗ ಅವರಿಗೆ ಎಂಬತ್ತು ದಾಟಿತ್ತು. ದಿನಾ ಆಧಾರ್ ಪ್ರಿಂಟ್ ಹಾಕುವ ನನಗೆ ಅವರು ಆಗಾಗ ನೆನಪಾಗುತ್ತಾರೆ.

ಈಗ ಸಿಗ್ನಲ್ ವಿಷಯ. 2016ರಲ್ಲಿ ಅಮೆರಿಕದ ವರ್ಜೀನಿಯಾದ ಗ್ರ್ಯಾಂಡ್ ಜ್ಯೂರಿಯಿಂದ (ಕ್ರಿಮಿನಲ್ ಕೇಸು ನಡೆಸಬೇಕೇ ಅಂತ ನೋಡುವ ನಾಗರಿಕರ ಮಂಡಳಿ) ಸಿಗ್ನಲ್‌ನವರಿಗೊಂದು ಸಮನ್ಸ್ ಬಂತು. ಬಳಕೆದಾರರ ಮಾಹಿತಿ ಕೊಡಿ ಅಂತ. ಅವರ ಹತ್ತಿರ ಕೊಡೋಕೆ ಇದ್ದದ್ದು ಎರಡೇ: ಖಾತೆ ಯಾವತ್ತು ತೆರೆದದ್ದು, ಕೊನೆಯ ಸಲ ಯಾವತ್ತು ಕನೆಕ್ಟ್ ಆದದ್ದು. 2021ರಲ್ಲಿ ಕ್ಯಾಲಿಫೋರ್ನಿಯಾದಿಂದ ಮತ್ತೊಂದು ಸಮನ್ಸ್ ಬಂದಾಗಲೂ ಅಷ್ಟೇ. ಎರಡು ಸಲವೂ ಕಾಗದಪತ್ರಗಳನ್ನು ಎಲ್ಲರೂ ನೋಡಲಿ ಅಂತ ಹೊರಗಿಟ್ಟರು. ಯಾರ ಗ್ರೂಪಲ್ಲಿ ಯಾರಿದ್ದಾರೆ ಅನ್ನುವುದೂ ಅವರಿಗೆ ಗೊತ್ತಿಲ್ಲ. ನಾವು ಯಾರಿಗೂ ಕೊಡಲ್ಲ ಅಂತ ಮಾತು ಕೊಡೋ ಕಂಪನಿಗಳು ಬೇಕಾದಷ್ಟಿವೆ. ನಮ್ಮ ಹತ್ತಿರ ಇಲ್ವೇ ಇಲ್ಲ ಅನ್ನೋರು ಕಡಿಮೆ. ನಾನು ಇದನ್ನು ಬಿಡದಿರೋದು ಇದಕ್ಕೇ.

ದಿನಬಳಕೆಯಲ್ಲಿ ನನಗೆ ಜಾಸ್ತಿ ಉಪಯೋಗಕ್ಕೆ ಬಂದದ್ದು ತಾನಾಗೇ ಅಳಿಸಿಹೋಗುವ ಮೆಸೇಜ್. ಒಂದು ದಿನ ಅಂತ ಇಟ್ಟಿದ್ದೇನೆ. ಗಿರಾಕಿಯ ಆಧಾರ್ ಫೋಟೊ ನಾಳೆಗೆ ಚಾಟ್‌ನಲ್ಲಿ ಇರುವುದಿಲ್ಲ, ಅವರದರಲ್ಲೂ, ನನ್ನದರಲ್ಲೂ. ಕಾಲ್ ಚೆನ್ನಾಗಿದೆ. ಸ್ಟೋರಿ ಗೀರಿ ಎಲ್ಲಾ ಸುಮ್ನೆ.

ಇನ್ನು ಕಷ್ಟಗಳು. ಶುರು ಮಾಡೋಕೆ ಫೋನ್ ನಂಬರ್ ಬೇಕೇ ಬೇಕು. 2024ರಲ್ಲಿ ಯೂಸರ್‌ನೇಮ್ ಬಂತು, ಈಗ ನಂಬರ್ ತೋರಿಸದೆ ಮಾತಾಡಬಹುದು. ಆದರೆ ನೋಂದಣಿಗೆ ನಂಬರೇ. ನಮ್ಮಲ್ಲಿ ಗುರುತಿನ ಚೀಟಿ ಕೊಡದೆ ಸಿಮ್ ಎಲ್ಲಿ ಸಿಗುತ್ತದೆ? ಓಟಿಪಿ ಬರುವುದೂ ಅದೇ ಸಿಮ್‌ಗೆ. ಆ ಓಟಿಪಿ ಬೇರೆಯವರ ಕೈಗೆ ಸಿಕ್ಕರೆ ನಿಮ್ಮ ನಂಬರಿನಲ್ಲಿ ಅವರು ಸಿಗ್ನಲ್ ತೆರೆಯಬಹುದು. ಹಾಗಾಗಿ ಸೆಟ್ಟಿಂಗ್ಸ್‌ನಲ್ಲಿ ರಿಜಿಸ್ಟ್ರೇಶನ್ ಲಾಕ್ ಆನ್ ಮಾಡಿ ಪಿನ್ ಇಡಿ. ಮರೆಯಬೇಡಿ.

ಬ್ಯಾಕಪ್ ವಿಷಯದಲ್ಲಿ ತಪ್ಪು ನನ್ನದೇ. ಆಂಡ್ರಾಯ್ಡ್‌ನಲ್ಲಿ ಬ್ಯಾಕಪ್ ತೆಗೆಯಲು ಆಗ 30 ಅಂಕಿಯ ಪಾಸ್‌ಫ್ರೇಸ್, ಅಂದರೆ ಉದ್ದದ ಪಾಸ್‌ವರ್ಡ್, ಕೊಡುತ್ತಿತ್ತು. ನಾನು ಅದನ್ನು ಒಂದು ಚೀಟಿಯಲ್ಲಿ ಬರೆದು ಪ್ರೂಫ್ ಹಾಳೆಗಳ ನಡುವೆ ಇಟ್ಟಿದ್ದೆ. ಹಾಳೆಗಳೆಲ್ಲ ರದ್ದಿಗೆ ಹೋದವು. ಆಮೇಲೆ ಫೋನ್ ನೀರಿಗೆ ಬಿತ್ತು. ಎರಡು ವರ್ಷದ ಮಾತು ಪೂರ್ತಿ ಹೋಯಿತು. ಅವರ ಹತ್ತಿರ ಏನೂ ಇರುವುದಿಲ್ಲ ಅನ್ನುವುದು ಆವತ್ತು ನನಗೂ ಚೆನ್ನಾಗಿ ಅರ್ಥ ಆಯಿತು. 2025ರಲ್ಲಿ ಆನ್‌ಲೈನ್ ಬ್ಯಾಕಪ್ ತಂದಿದ್ದಾರೆ. ಅದಕ್ಕೂ ಕೀ ನಮ್ಮ ಕೈಯಲ್ಲೇ.

ಇನ್ನೊಂದು ಮಾತು. ಫೋನೇ ಬೇರೆಯವರ ವಶ ಆದರೆ ಯಾವ ಆ್ಯಪ್ ಏನೂ ಮಾಡೋಕಾಗಲ್ಲ. ಪೆಗಸಸ್ ಅಂಥ ಗೂಢಚಾರ ಸಾಫ್ಟ್‌ವೇರ್ ಹೊಕ್ಕರೆ ನೀವು ಓದುವಾಗಲೇ ಅದೂ ಓದುತ್ತದೆ. ನಮ್ಮಲ್ಲಿ ಜನರ ಫೋನಿಗೆ ಪೆಗಸಸ್ ಬಿಟ್ಟಿದ್ದಾರೆ ಅಂತ ಗಲಾಟೆ ಆದಾಗ ಸುಪ್ರೀಂ ಕೋರ್ಟ್ ಸಮಿತಿ 29 ಫೋನ್ ಪರೀಕ್ಷಿಸಿತು. 5ರಲ್ಲಿ ಮಾಲ್‌ವೇರ್ ಇತ್ತು, ಅದು ಪೆಗಸಸ್ಸೇ ಅಂತ ಖಚಿತ ಆಗಲಿಲ್ಲ. ಫೋನ್ ಅಪ್‌ಡೇಟ್ ಮಾಡುತ್ತಿರಿ. ಅಷ್ಟೇ ನನ್ನಂಥವನು ಹೇಳಬಹುದಾದದ್ದು.

ದೊಡ್ಡ ಕೊರತೆ ಆ್ಯಪ್‌ನದಲ್ಲ, ಅದರಲ್ಲಿ ಜನ ಇಲ್ಲ ಅನ್ನುವುದು. "ದಾಖಲೆಗಳನ್ನು ಸಿಗ್ನಲ್‌ನಲ್ಲಿ ಕಳಿಸಿ" ಅಂತ ಅಂಗಡಿಯಲ್ಲಿ ಬೋರ್ಡ್ ಹಾಕಿದ್ದೆ. ಒಬ್ಬ ಹುಡುಗ ಓದಿ, "ಯಾಕಣ್ಣ, ಇಲ್ಲಿ ಟವರ್ ಸಿಗಲ್ವಾ?" ಅಂದ. ಐದಕ್ಕೆ ನಾಲ್ಕು ಸ್ಟಾರ್ ಕೊಡುತ್ತೇನೆ. ಈಗ ನನ್ನ ಸಿಗ್ನಲ್‌ನಲ್ಲಿ ಇರೋದು ಒಂಬತ್ತು ಜನ: ಮನೆಯವಳು, ಜರ್ಮನಿಯಲ್ಲಿರೋ ತಮ್ಮ, ಒಬ್ಬ ವಕೀಲ ಸ್ನೇಹಿತ, ಆರು ಗಿರಾಕಿಗಳು. ಆ ಆರು ಜನರಲ್ಲಿ ಬೋರ್ಡ್ ನೋಡಿ ಬಂದವರು ಒಬ್ಬರು.