ಟಗರಿನ ಮುಂದೆ ನಿಲ್ಲಿಸಿ ಕಾರಣ ಕೇಳುವ ಕ್ಲಬ್

ಕೃಷಿ ಪದವಿಗೆ ಹೊಸದಾಗಿ ಸೇರಿದವರು ಕೇಳುತ್ತಿರುತ್ತಾರೆ: "ಅಕ್ಕಾ, ಪಶುಸಂಗೋಪನೆ ಕ್ಲಬ್ಬಿಗೆ ಸೇರಿದ್ರ ಏನರ ಉಪಯೋಗ ಐತೇನ್ರಿ?" ನಾನು ವಿಜಯಪುರದಲ್ಲಿ ಕೃಷಿ ಪದವಿ ಓದಿ ಈ ವರ್ಷ ಮುಗಿಸಿದೆ. ಎರಡನೇ ವರ್ಷದಿಂದ ಕೊನೆಯವರೆಗೂ ನಮ್ಮ ಕಾಲೇಜಿನ ಈ ಕ್ಲಬ್ಬಿನಲ್ಲಿದ್ದೆ. ನನ್ನ ಉತ್ತರ ಇಷ್ಟೇ: ಸೇರಿ. ಸರ್ಟಿಫಿಕೇಟ್ ಆಸೆಗಲ್ಲ, ಶನಿವಾರದ ತರಬೇತಿಗಾಗಿ ಸೇರಿ.

ನಮ್ಮ ಸಿಲಬಸ್‌ನಲ್ಲಿ ದನ, ಎಮ್ಮೆ, ಕುರಿ, ಕೋಳಿ ಎಲ್ಲವೂ ಸೇರಿ ಮುಖ್ಯವಾಗಿ ಒಂದೇ ವಿಷಯ ಇತ್ತು, ನಾಲ್ಕು ಕ್ರೆಡಿಟ್. ಅದರಲ್ಲಿ ಮೂರು ಥಿಯರಿ, ಪ್ರಾಕ್ಟಿಕಲ್‌ಗೆ ಉಳಿಯುತ್ತಿದ್ದುದು ಒಂದು. ಇಡೀ ಬ್ಯಾಚ್ ಒಂದು ಆಕಳ ಸುತ್ತ ನಿಂತರೆ ಹಿಂದಿನವರಿಗೆ ಏನು ಕಾಣುತ್ತೆ? ನಮ್ಮ ಕಡೆ ಮಳೆ ಕೈಕೊಟ್ಟ ವರ್ಷ ಮನೆ ನಡೆಸುವುದು ಎಮ್ಮೆಯ ಹಾಲು, ಕುರಿ ಮಾರಿದ ದುಡ್ಡು. ಅಂಥ ಊರುಗಳಿಗೆ ನಾಳೆ ಕೃಷಿ ಅಧಿಕಾರಿಯಾಗಿ ಹೋಗುವವರು ಟಗರನ್ನು ಮುಟ್ಟಿಯೇ ನೋಡಿಲ್ಲ ಅಂದರೆ ಹೇಗೆ? ಈ ಕೊರತೆಯನ್ನು ಕ್ಲಬ್ ನಿಜವಾಗಿಯೂ ತುಂಬುತ್ತದೆ.

ಶನಿವಾರದ ತರಬೇತಿ ಹೀಗಿರುತ್ತದೆ. ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ಪ್ರಾಣಿ ವಿಜ್ಞಾನ ಓದುವವರಿಗೆ ಬ್ಲಾಕ್ ಅಂಡ್ ಬ್ರೈಡಲ್ ಅಂತ ಒಂದು ಕ್ಲಬ್ ಇದೆ, 1919ರಲ್ಲಿ ಶುರುವಾದದ್ದು. ಅಲ್ಲಿನ ವಿದ್ಯಾರ್ಥಿಗಳು ಜಾನುವಾರು ಪರೀಕ್ಷಿಸುವ ಪಂದ್ಯಗಳಲ್ಲಿ ಭಾಗವಹಿಸುತ್ತಾರೆ. ನಾಲ್ಕು ಪ್ರಾಣಿಗಳನ್ನು ಸಾಲಾಗಿ ನಿಲ್ಲಿಸುತ್ತಾರೆ. ಒಂದರಿಂದ ನಾಲ್ಕರವರೆಗೆ ಸ್ಥಾನ ಕೊಟ್ಟು, ಯಾಕೆ ಹಾಗೆ ಕೊಟ್ಟೆ ಅಂತ ಬಾಯಿಬಿಟ್ಟು ಹೇಳಬೇಕು. ನಮ್ಮ ಕ್ಲಬ್ ನೋಡಿಕೊಳ್ಳುವ ಸರ್ ಇದನ್ನೇ ಇಲ್ಲಿಗೆ ತಂದರು. ನಮ್ಮ ಸಾಲಿನಲ್ಲಿ ನಿಲ್ಲುವುದು ಪಕ್ಕದ ಹಟ್ಟಿಯ ಡೆಕ್ಕನಿ ತಳಿಯ ಟಗರುಗಳು.

ಮೊದಲು ಬಾಯಿ ಬಿಡಿಸಿ ಹಲ್ಲು ನೋಡಬೇಕು. ಕುರಿಗೆ ಮೇಲಿನ ದವಡೆಯಲ್ಲಿ ಮುಂದಿನ ಹಲ್ಲು ಇರುವುದಿಲ್ಲ, ಕೆಳಗೆ ಎಂಟು. ಹಾಲುಹಲ್ಲು ಬಿದ್ದು ಎರಡು ದೊಡ್ಡ ಹಲ್ಲು ಬಂದಿದ್ದರೆ ವರ್ಷ, ಒಂದೂವರೆ ವರ್ಷದ ಮರಿ. ಎಂಟೂ ಬಂದರೆ ಬಾಯಿಗೂಡಿತು, ಅಂದರೆ ಪೂರ್ತಿ ಬೆಳೆಯಿತು ಅನ್ನುತ್ತಾರೆ. ಆಮೇಲೆ ಕಣ್ಣಿನ ಕೆಳಗಿನ ರೆಪ್ಪೆ ಇಳಿಸಿ ನೋಡಬೇಕು. ಒಳಗೆ ಕೆಂಪಗಿದ್ದರೆ ಚಲೋ. ಬೆಳ್ಳಗಾಗಿದ್ದರೆ ರಕ್ತ ಹೀರುವ ಜಂತು ಇರಬಹುದು ಅಂತ ಅನುಮಾನಪಡಬೇಕು. ಕೊನೆಗೆ ಟೇಪು. ಎದೆಯ ಸುತ್ತಳತೆಯನ್ನು ಇಂಚಿನಲ್ಲಿ ಅಳೆದು, ಅದನ್ನು ಅದರಿಂದಲೇ ಗುಣಿಸಿ, ಮೈ ಉದ್ದದಿಂದ ಮತ್ತೆ ಗುಣಿಸಿ, 660ರಿಂದ ಭಾಗಿಸಿದರೆ ಸುಮಾರು ತೂಕ ಕಿಲೋದಲ್ಲಿ ಬರುತ್ತದೆ. ಸುತ್ತಳತೆ 30 ಇಂಚು, ಉದ್ದ 26 ಇಂಚು ಇದ್ದರೆ ಹೆಚ್ಚೂಕಮ್ಮಿ 35 ಕಿಲೋ.

ಈ ಲೆಕ್ಕ ಎಲ್ಲಿ ಬೇಕಾದರೂ ಓದಿಕೊಳ್ಳಬಹುದು. ಎಲ್ಲರ ಮುಂದೆ ನಿಂತು "ಮೂರನೇ ಟಗರನ್ನು ಮೊದಲಿಗೆ ಇಟ್ಟೆ, ಯಾಕಂದ್ರೆ..." ಅಂತ ಹೇಳುವಾಗ ಮಾತ್ರ ಗೊತ್ತಾಗುತ್ತದೆ, ನಾವು ನೋಡಿದ್ದೆಷ್ಟು, ಸುಮ್ನೆ ಅಂದಾಜು ಹೊಡೆದದ್ದೆಷ್ಟು ಅಂತ. ಒಮ್ಮೆ ಕುರಿ ತಂದಿದ್ದ ಕಾಕಾ ಪಕ್ಕದಲ್ಲೇ ಕೂತು ಕೇಳಿಸಿಕೊಳ್ಳುತ್ತಿದ್ದರು. ನನ್ನ ಮಾತು ಮುಗಿದ ಮೇಲೆ, "ತಂಗಿ, ಹಲ್ಲ ಒಂದ ನೋಡಿದ್ರ ಆಗೂದಿಲ್ಲ. ಕುರಿ ಮೇಯಾಕ ನಡೀಬೇಕಲಾ, ಹಿಂಗಾಲ ನೋಡು" ಅಂದರು. ಸರ್ ತಕ್ಷಣ ಅವರನ್ನೇ ಎಬ್ಬಿಸಿ ನಾಲ್ಕಕ್ಕೂ ಸ್ಥಾನ ಕೊಡಿಸಿದರು, ಕಾರಣ ಹೇಳಿಸಿದರು. ನಾವು ಕೂತು ಬರೆದುಕೊಂಡೆವು. ಕುರಿಗಾರರನ್ನು ಹೀಗೆ ಮೇಷ್ಟ್ರ ಜಾಗದಲ್ಲಿ ಕೂರಿಸುವ ಕ್ಲಬ್ ಅಂದರೆ ನನಗೆ ತುಂಬಾ ಗೌರವ.

ಅಮೀನಗಡದ ಕುರಿ ಸಂತೆಗೂ ಕರೆದುಕೊಂಡು ಹೋಗುತ್ತಾರೆ. ದಲ್ಲಾಳಿಗಳು ಟವೆಲ್ ಕೆಳಗೆ ಬೆರಳು ಹಿಡಿದು ದರ ಮಾತಾಡುವುದನ್ನು ಅಲ್ಲೇ ನಿಂತು ನೋಡಬೇಕು. ಬರುವಾಗ ಕರದಂಟು ತರುವುದು ಮರೆಯಬೇಡಿ. ಮೆಕ್ಕೆಜೋಳದ ರಸಮೇವು (ಸೈಲೇಜ್) ಮಾಡುವುದನ್ನೂ ಕಲಿಸುತ್ತಾರೆ. ಕತ್ತರಿಸಿ, ತುಳಿದು, ಗಾಳಿ ಹೋಗದಂತೆ ಚೀಲ ಕಟ್ಟಿಟ್ಟರೆ ಒಂದೂವರೆ ತಿಂಗಳಿಗೆ ಮೇವು ರೆಡಿ. ಚೆನ್ನಾಗಿದೆ.

ಇನ್ನು ಸರಿಯಾಗಬೇಕಾದ ವಿಷಯಗಳು. ಸಂತೆ ಶುರುವಾಗುವುದು ನಸುಕಿನಲ್ಲಿ. ಗಾಡಿ ರಾತ್ರಿಯೇ ಹೊರಡಬೇಕು. ಹುಡುಗಿಯರ ಹಾಸ್ಟೆಲ್ ಗೇಟ್ ಆಗ ತೆಗೆಯುವುದಿಲ್ಲ. ಹುಡುಗರು ಪ್ರತಿ ಸಲ ಹೋಗಿ ಬರುತ್ತಿದ್ದರು. ನಮಗೆ ಅನುಮತಿ ಪತ್ರಕ್ಕೆ ಓಡಾಡುವುದರಲ್ಲೇ ವಾರ ಹೋಗುತ್ತಿತ್ತು, ಎಷ್ಟೋ ಸಲ ಪತ್ರ ಸಿಗುತ್ತಲೇ ಇರಲಿಲ್ಲ. ನನಗೆ ಈಗಲೂ ಇದರ ಮೇಲೆ ಸಿಟ್ಟಿದೆ. ನಮ್ಮ ಮನೆಗಳಲ್ಲಿ ಹಾಲು ಹಿಂಡುವವರು, ಮರಿಗೆ ಕುಡಿಸುವವರು, ಸಗಣಿ ಬಾಚುವವರು ಹೆಣ್ಣುಮಕ್ಕಳೇ ಅಲ್ವಾ? ಮಾರುವ ಜಾಗ ಮಾತ್ರ ಅವರಿಗೆ ಗೊತ್ತಿರಬಾರದಾ? ಒಬ್ಬ ಮೇಡಂ ಜೊತೆಗೆ ಬಂದರೆ ಮುಗಿಯುವ ಕೆಲಸ ಇದು.

ಇನ್ನೊಂದು ಕೊರತೆ ಕ್ವಿಜ್‌ನಲ್ಲಿದೆ. ಪ್ರಶ್ನೆಗಳೆಲ್ಲ ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್), ಜರ್ಸಿಯಂಥ ವಿದೇಶಿ ಆಕಳು ಎಷ್ಟು ಹಾಲು ಕೊಡುತ್ತವೆ ಅನ್ನುವುದರ ಸುತ್ತಲೇ. ನಮ್ಮದೇ ಹೊಳೆಯ ಹೆಸರಿನ ಕೃಷ್ಣಾ ಕಣಿವೆ ದನದ ತಳಿ ಎರೆ ಹೊಲ ಉಳುವುದಕ್ಕೆ ಹೆಸರಾಗಿತ್ತು, ಈಗ ಬಹಳ ಕಡಿಮೆಯಾಗಿದೆ. ಹೆಗಲು ದಾಟುವ ಕೊಂಬಿನ ಪಂಢರಪುರಿ ಎಮ್ಮೆ ನಮ್ಮ ಅಥಣಿ ಕಡೆ ಇದೆ. ಕಿಲಾರಿ ಎತ್ತನ್ನು ವಿಜಯಪುರದ ಸಿದ್ಧೇಶ್ವರ ಜಾತ್ರೆಯಲ್ಲೇ ನೋಡಬಹುದು. ನಾಲ್ಕರ ಸಾಲಿನಲ್ಲಿ ಒಮ್ಮೆಯಾದರೂ ಈ ದನಗಳನ್ನು ನಿಲ್ಲಿಸಿ ಅಂತ ಕೇಳುತ್ತಲೇ ಇದ್ದೆ. ಈಗಿನ ಜೂನಿಯರ್‌ಗಳು ಅದನ್ನು ಬಿಡದೆ ಕೇಳಬೇಕು.

ವಾರ್ಷಿಕ ಸಮಾರಂಭದ ಬಗ್ಗೆ ಹೇಳುವಂಥದ್ದೇನಿಲ್ಲ. ಹಾರ, ಶಾಲು, ಭಾಷಣ. ಆ ಖರ್ಚಿನಲ್ಲಿ ಒಂದು ಹಟ್ಟಿಯ ಕುರಿಗಳಿಗೆಲ್ಲ ಜಂತಿನ ಔಷಧ ಹಾಕಿಸಬಹುದು.

ಶುಲ್ಕ ವರ್ಷಕ್ಕೆ 200 ರೂಪಾಯಿ. ಗಮ್‌ಬೂಟು ನೀವೇ ತರಬೇಕು, ಟೇಪು ಕ್ಲಬ್ ಕೊಡುತ್ತದೆ. ಪಶುವೈದ್ಯಕೀಯ ಓದುವವರಿಗೆ ಇದರಲ್ಲಿ ಹೊಸದು ಅಷ್ಟೇನೂ ಇರಲಿಕ್ಕಿಲ್ಲ. ಕೃಷಿ ಓದುವವರು, ಅದರಲ್ಲೂ ಮನೆಯಲ್ಲಿ ದನಕರು ಇಲ್ಲದೆ ಬೆಳೆದವರು, ಮೊದಲ ವರ್ಷವೇ ಹೆಸರು ಕೊಡಿ. ಕೊನೆಯ ವರ್ಷ ರಾವೆಗೆ, ಅಂದರೆ ರೈತರ ಜೊತೆಗಿದ್ದು ಕೆಲಸ ಕಲಿಯುವ ಕೋರ್ಸಿಗೆ, ಹಳ್ಳಿಯಲ್ಲಿ ಉಳಿಯುವಷ್ಟರಲ್ಲಿ ಕೈ ಪಳಗಿರುತ್ತದೆ.