ಸಿಂಗಾಪುರ ಕ್ರೂಸಿನ ಬಫೆ: ಊಟಕ್ಕ 4 ಸ್ಟಾರ್, ಪ್ಲೇಟ್ ಹಿಡ್ಕೊಂಡು ಹಡಗೆಲ್ಲಾ ತಿರುಗೋರಿಗೆ ಒಂದೂವರಿ

ಹಡಗಿನ ಊಟ ಹೆಂಗಿತ್ತು ಹೆಂಗಿತ್ತು ಅಂತ ಓಣಿಯವ್ರೆಲ್ಲಾ ಕೇಳಾಕತ್ಯಾರ, ಒಬ್ಬೊಬ್ರಿಗೇ ಹೇಳಿ ಹೇಳಿ ಬಾಯಿ ನೋಯಾಕತ್ತೈತಿ, ಅದಕ್ಕ ಇಲ್ಲೇ ಬರದುಬಿಡ್ತೀನಿ. ನಾವು ಬಳ್ಳಾರಿಯಿಂದ 9 ಮಂದಿ, ಅತ್ತಿ, ಮಾವ, ನಾವಿಬ್ರು, ಇಬ್ರು ಹುಡುಗ್ರು, ನಮ್ಮ ಮೈದುನ ಅವನ ಹೆಂಡ್ತಿ ಅವರ ಕೂಸು. ರಾತ್ರಿ ಹಂಪಿ ಎಕ್ಸ್‌ಪ್ರೆಸ್ಸಿಗೆ ಬೆಂಗಳೂರು, ಅಲ್ಲಿಂದ ನಾಕೂವರಿ ತಾಸು ವಿಮಾನ, ಸಿಂಗಾಪುರದಾಗ ಒಂದಿನ, ಆಮ್ಯಾಲೆ 4 ರಾತ್ರಿ ಹಡಗು, ನಡುವೆ ಮಲೇಷ್ಯಾದ ಪೆನಾಂಗ್, ಥಾಯ್ಲೆಂಡಿನ ಫುಕೆಟ್. ಹಡಗಿನ ಹೆಸರು ಹಾಕಂಗಿಲ್ಲ, ಬೈಯೋದೂ ಒಂಚೂರು ಐತಿ.

ಮೊದಲ ಒಂದು ಮಾತು. ಮನ್ಯಾಗ ಮಾಡಿದ ಅಡಗಿ ಹಡಗಿಗೆ ಬಿಡಂಗಿಲ್ಲ, ಕಂಪನಿ ಸೀಲ್ ಇದ್ದ ಪ್ಯಾಕೆಟ್ ಆದ್ರ ನಡೀತೈತಿ. ನಮ್ಮತ್ತಿ ಎರಡು ದಿನ ಕುಂತು ಬಡದ ಕಟಕ್ ರೊಟ್ಟಿ, ಶೇಂಗಾ ಚಟ್ನಿ ಹೋಟೆಲ್ ರೂಮಿನಾಗೇ ತಿಂದು ಖಾಲಿ ಮಾಡಬೇಕಾತು. ನೀರು ಕಾಸೋ ಕೆಟಲ್ ಒಯ್ದಿದ್ವಿ ರೆಡಿಮೇಡ್ ಉಪ್ಪಿಟ್ಟಿಗೆ ಅಂತ, ಅದನ್ನ ಸ್ಕ್ಯಾನಿಂಗಿನಾಗ ಹಿಡಿದು ಚೀಟಿ ಕೊಟ್ಟು ಇಟ್ಕೊಂಡ್ರು, ಇಳಿಯೋ ದಿನ ವಾಪಸ್ ಕೊಟ್ರು. ಕೆಟಲ್, ಇಸ್ತ್ರಿ ಪೆಟ್ಟಿಗಿ ಎರಡೂ ಬೆಂಕಿ ಭಯಕ್ಕ ಬಿಡಂಗಿಲ್ಲಂತ. ನಡು ಸಮುದ್ರದಾಗ ಫೈರ್ ಎಂಜಿನ್ ಎಲ್ಲಿಂದ ಬರಬೇಕು ಪಾಪ, ಸರಿನೇ ಐತಿ.

ಬಫೆ ಇರೋದು ಮ್ಯಾಲಿನ ಡೆಕ್ಕಿನಾಗ (ಹಡಗಿನ ಮಹಡಿಗೆ ಡೆಕ್ ಅಂತಾರ), ಈಜೋ ಕೊಳದ ಬಾಜೂಕ. ಬಾಗಲದಾಗೇ ಕೈ ತೊಳಿಯಾಕ ನಳ, ಸೋಪು, ಅಲ್ಲೇ ಒಬ್ಬಾಕಿ ನಿಂತು ನಗನಗತಾ ಎಲ್ಲರ ಕೈನೂ ತೊಳಸ್ತಾಳ. ಬಾಟ್ಲಿ ಸ್ಯಾನಿಟೈಸರ್ ಹಾಕ್ಕೊಂಡೀನಿ ಅಂದ್ರೂ ಬಿಡಂಗಿಲ್ಲ, ಯಾಕಂದ್ರ ಹಡಗಿನಾಗ ವಾಂತಿ-ಭೇದಿ ಹಬ್ಬಿಸೋ ನೋರೋವೈರಸ್ ಐತೆಲ್ಲ, ಅದಕ್ಕ ಆ ಜೆಲ್ ಅಷ್ಟು ನಾಟಂಗಿಲ್ಲ, ಸೋಪು ನೀರು ಹಚ್ಚಿ 20 ಸೆಕೆಂಡ್ ತಿಕ್ಕಬೇಕು. ಅಮೆರಿಕಾಕ್ಕ ಹೋಗೋ ಹಡಗಾದ್ರ ನೂರಕ್ಕ 3 ಮಂದಿಗೆ ಹೊಟ್ಟಿ ಕೆಟ್ರ ಸಾಕು, ಅಲ್ಲಿನ ಸರ್ಕಾರದ ರೋಗ ತಡಿಯೋ ಸಂಸ್ಥೆ ಸಿಡಿಸಿಯವ್ರು ಹಡಗಿನ ಹೆಸರು ಸಮೇತ ವೆಬ್‌ಸೈಟಿನಾಗ ಹಾಕಿಬಿಡ್ತಾರ. ಹಂಗ ಹಬ್ಬಿದ್ರ ಬಫೆನಾಗ ನಾವು ಕೈಯಾರೆ ಹಾಕ್ಕೊಳ್ಳೋದು ಬಂದ್, ಸಿಬ್ಬಂದಿನೇ ನಿಂತು ಬಡಸ್ತಾರ.

ಊಟ ಚಲೋ ಐತಿ, ಸುಳ್ಳು ಹೇಳಬಾರದು. ನಮ್ಮ ಇಂಡಿಯಾದವ್ರಿಗೆ ಬ್ಯಾರೆ ಕೌಂಟರ್, ದಾಲ್, ಅನ್ನ, ಪನ್ನೀರ್, ಒಂದು ಪಲ್ಯ, ಬೆಳಿಗ್ಗೆ ಇಡ್ಲಿ ಸಾಂಬಾರ್. ಜೈನರಿಗೆ ಉಳ್ಳಾಗಡ್ಡಿ ಬೆಳ್ಳುಳ್ಳಿ ಇಲ್ಲದ್ದು ಹೇಳಿದ್ರ ಮಾಡಿಕೊಡ್ತಾರ. ಸಾಂಬಾರಿಗೆ ಹುಳಿ ಇಲ್ಲ ಖಾರ ಇಲ್ಲ, ಇಡ್ಲಿ ಮಾತ್ರ ಮೆತ್ತಗ. ಹಣ್ಣು ಅಂದ್ರ ಹಣ್ಣು, ಕಲ್ಲಂಗಡಿ, ಪಪ್ಪಾಯಿ, ಡ್ರ್ಯಾಗನ್ ಫ್ರೂಟ್, ನಮ್ಮ ಹುಡುಗ್ರು ಅದರಾಗೇ ಹೊಟ್ಟಿ ತುಂಬಿಸ್ಕೊಂಡ್ರು.

ಈಗ ನಾ ಹೇಳಬೇಕಂದ ಮಾತಿಗೆ ಬರ್ತೀನಿ. ಈ ಹಡಗಿನಾಗ ಬಫೆ ಪ್ಲೇಟ್ ಎಲ್ಲಿ ಬೇಕಾದ್ರೂ ಒಯ್ಯಬಹುದು, ಯಾರೂ ತಡಿಯಂಗಿಲ್ಲ. ಕೊಳದ ಕಡೆ, ರೂಮಿಗೆ, ಬಾಲ್ಕನಿಗೆ, ಎಲ್ಲಿಗಾದ್ರೂ. ಒಯ್ಯೋದು ತಪ್ಪಲ್ಲ. ಒಯ್ದ ಮ್ಯಾಲೆ ಆ ಪ್ಲೇಟ್ ಎಲ್ಲಿ ಬಿಡ್ತೀರಿ ಅನ್ನೋದ್ರಾಗ ಐತಿ ಎಲ್ಲಾ. ನಮ್ಮೂರ ಕಲ್ಯಾಣ ಮಂಟಪದಾಗ ಬಫೆ ಊಟ ನೋಡಿರೆಲ್ಲ, ಕೂಲರ್ ಮುಂದ ನಿಂತು ತಿಂದು ಪ್ಲೇಟ್ ಕುರ್ಚಿ ಕೆಳಗ ನೂಕಿ ಹೋಗೋರು, ಕಿಟಕಿ ಕಟ್ಟಿ ಮ್ಯಾಲೆ ಸಾರಿನ ಬಟ್ಲ ಬಿಟ್ಟು ಹೋಗೋರು, ಅದೇ ಮಂದಿ ಪಾಸ್‌ಪೋರ್ಟ್ ಮಾಡಿಸ್ಕೊಂಡು ಹಡಗಿಗೂ ಬಂದಂಗಿತ್ತು. ನಮ್ಮವ್ರಷ್ಟೇ ಅಲ್ಲ ಮತ್ತ, ಎಲ್ಲಾ ದೇಶದವ್ರೂ. 9ನೇ ಡೆಕ್ಕಿನ ಮೆಟ್ಲ ಮ್ಯಾಲೆ ಅರ್ಧ ತಿಂದ ನೂಡಲ್ಸ್ ಪ್ಲೇಟು, ಅದರಾಗ ಕೈ ಒರೆಸಿದ ಟಿಶ್ಶೂ, ಮಗ್ಗಲದಾಗ ಎಡವಿ ಬೀಳಂಗ ಒಂದು ಕಾಫಿ ಕಪ್ಪು. ನಮ್ಮ ಮಾವನಿಗೆ ಮೊಣಕಾಲು ನೋವು, ಕಟಾಂಜನ ಹಿಡ್ಕೊಂಡು ಇಳಿತಿದ್ರು, ಇನ್ನೊಂದು ಹೆಜ್ಜಿ ಇಟ್ಟಿದ್ರ ಆ ನೂಡಲ್ಸ್ ಮ್ಯಾಲೇ ಕಾಲು.

ನಮ್ಮತ್ತಿ ಕಥಿ ಬ್ಯಾರೆ. ಮೊದಲ್ನೇ ದಿನ ಎರಡ್ನೇ ಸಲ ಅನ್ನಕ್ಕ ಹೋದ್ರ ಕೌಂಟರಿನ ಹುಡುಗ ಅವರ ಕೈಯಾಗಿನ ಪ್ಲೇಟ್ ಇಸ್ಕೊಂಡು ಹೊಸಾ ಪ್ಲೇಟ್ ಕೊಟ್ಟ. ಇವರಿಗೆ ಸಿಟ್ಟು, ಯಾಕ, ನಾ ಚಲೋ ಉಂಡಿಲ್ಲೇನು ಅಂತ. ಆ ಹುಡುಗ ಮಂಗಳೂರು ಕಡೆಯವ, ಕನ್ನಡ ಬರ್ತಿತ್ತು, "ಇಲ್ಲಮ್ಮ, ಎಂಜಲು ಪ್ಲೇಟ್ ತಂದ್ರೆ ಸೌಟು ತಾಗ್ತದೆ ಅಲ್ವಾ, ಪ್ರತೀ ಸಲ ಹೊಸದು ತಗೊಳ್ಬೇಕು" ಅಂದ. ಎಂಜಲು ಅನ್ನೋ ಶಬ್ದ ಕಿವಿಗೆ ಬಿದ್ದಿದ್ದೇ ತಡ ನಮ್ಮತ್ತಿ ಮುಖ ಅರಳಿತು ನೋಡ್ರಿ! ಜಲ್ಮೆಲ್ಲಾ ನಮಗ ಮುಸುರಿ ಎಂಜಲು ಅಂತ ಬೈದಾಕಿ, ನಾವು ಹಳೇ ಕಾಲದಾಕಿ ಅಂತ ನಕ್ಕವ್ರು, ಈಗ ನಡು ಸಮುದ್ರದಾಗ ಅದೇ ಕಾನೂನು. ಆಮ್ಯಾಲೆ ನೋಡಿದ್ರ ಅಮೆರಿಕಾದ ಫುಡ್ ಕೋಡ್ ಅನ್ನೋ ಊಟದ ಸ್ವಚ್ಛತಾ ನಿಯಮದಾಗೂ ಹಿಂಗೇ ಬರದಾರ, ತಿಂದ ಪ್ಲೇಟ್ ಹಿಡ್ಕೊಂಡು ಬಫೆಗೆ ವಾಪಸ್ ಬರಂಗಿಲ್ಲ, ನೀರಿನ ಗ್ಲಾಸು ಕಾಫಿ ಕಪ್ಪಿಗೆ ಮಾತ್ರ ಒಂಚೂರು ಸಡಿಲ. ಅವತ್ತಿಂದ ನಮ್ಮತ್ತಿ ಬಫೆದಾಗ ಪೊಲೀಸು. ಇಕ್ಕಳ ಬಿಟ್ಟು ಕೈಲೇ ಬ್ರೆಡ್ ಎತ್ತಿದ ಒಬ್ಬ ದೊಡ್ಡ ಮನಿಷ್ಯಾನ್ನ ದಿಟ್ಟಿಸಿ ನೋಡಿ ನೋಡಿ ಆತ ಆ ಬುಟ್ಟಿನೇ ಬಿಟ್ಟು ಹೋದ.

ಇನ್ನ ಹಪ್ಪಳದ ಪ್ರಸಂಗ. ಎರಡ್ನೇ ದಿನ ಮಧ್ಯಾಹ್ನ ನಮ್ಮ ಮೈದುನ ಹೊರಗ ಡೆಕ್ಕಿನಾಗ ಕುಂತು ಉಣ್ಣೋಣು ಅಂದ, ಪ್ಲೇಟ್ ತುಂಬಾ ಅನ್ನ ದಾಲ್, ಅದರ ಮ್ಯಾಲೆ ಎರಡು ಹಪ್ಪಳ. ಬಾಗಲ ತಗದಿದ್ದೇ ತಡ ಗಾಳಿ ಹೊಡೀತು. ಹಡಗು ಓಡೋವಾಗ ಮ್ಯಾಲಿನ ಡೆಕ್ಕಿನಾಗ ಗಾಳಿ ಅಂದ್ರ ನಮ್ಮೂರ ಬಿರುಗಾಳಿ ಇದ್ದಂಗ, ಎರಡೂ ಹಪ್ಪಳ ಹಾರಿದ್ವು, ಒಂದು ಕೊಳದಾಗ ಬಿತ್ತು, ಇನ್ನೊಂದು ಅಂಗಾತ ಮಲಗಿ ಬಿಸಲು ಕಾಯಿಸ್ಕೋತಿದ್ದ ಒಬ್ಬ ಬಿಳಿಯನ ಹೊಟ್ಟಿ ಮ್ಯಾಲೆ. ಆತ ಎದ್ದು ಕುಂತು ಹಪ್ಪಳ ಕೈಯಾಗ ಹಿಡ್ಕೊಂಡು ಹಿಂದ ಮುಂದ ನೋಡಿದ, ಮುರದು ತಿಂದ, ಹೆಬ್ಬೆರಳು ಎತ್ತಿ ತೋರಿಸಿದ. ನಮ್ಮ ಮೈದುನನ ಹೆಂಡ್ತಿ ಮುಖ ಮುಚ್ಚಿಕೊಂಡು ಒಳಗ ಓಡಿದ್ಳು. ಹೊರಗ ಒಯ್ಯೋದಿದ್ರ ಭಾರ ಇರೋದು ಒಯ್ರಿ, ಹಗುರ ಇದ್ದದ್ದು ಒಳಗೇ ತಿನ್ರಿ. ಮತ್ತ ಕೊಳದ ಕಡೆ ಗಾಜಿನ ಗ್ಲಾಸ್ ಬಿಡಂಗಿಲ್ಲ, ಪ್ಲಾಸ್ಟಿಕ್ಕೇ, ಬರಿಗಾಲಾಗ ಓಡಾಡೋರು ಇರ್ತಾರೆಲ್ಲ.

ಲಿಫ್ಟಿನಾಗ ಸಾರಿನ ಪ್ಲೇಟ್ ಒಯ್ಯಬ್ಯಾಡ್ರಪ್ಪ, ಕೈ ಮುಗೀತೀನಿ. 12 ಮಂದಿ ಒತ್ತಿ ನಿಂತಿರ್ತಾರ, ನಡುವೆ ಒಬ್ಬಾತ ಚಿಕನ್ ಕರ್ರಿ ತುಂಬಿದ ಪ್ಲೇಟ್ ಎದಿ ಮಟ್ಟಕ್ಕ ಹಿಡ್ಕೊಂಡು ನಿಂತ್ರ ಎಲ್ಲರ ಉಸಿರೂ ನಿಂತಂಗ, ಅವತ್ತು ನಾನು ರೇಷ್ಮಿ ಸೀರಿ ಬ್ಯಾರೆ ಉಟ್ಟಿದ್ದೆ. ಒಯ್ಯೋದೇ ಇದ್ರ ಒಣಾ ಐಟಂ, ಮ್ಯಾಲೊಂದು ಪ್ಲೇಟ್ ಡಬ್ ಹಾಕಿ ಒಯ್ಯಬೇಕು, ಕೌಂಟರಿನ ಹುಡುಗ್ರೇ ಕೇಳಿದ್ರ ಕೊಡ್ತಾರ.

ರೂಮಿಗೆ ಒಯ್ದು ತಿನ್ನೋದು ಮಾತ್ರ ಸ್ವರ್ಗ. ಬೆಳಿಗ್ಗೆ ಆರಕ್ಕ ಬಾಲ್ಕನ್ಯಾಗ ಕುಂತು ಕಾಫಿ, ಎರಡು ಇಡ್ಲಿ, ಎದುರಿಗೆ ಮಲಾಕ್ಕಾ ಜಲಸಂಧಿಯಾಗ ಸಾಲಾಗಿ ಸಾಮಾನಿನ ಹಡಗು, ಎಲ್ಲೋ ದೂರದಾಗ ಮೀನಿನ ದೋಣಿ ದೀಪ. ನಮ್ಮನೆಯವ್ರು ಇದೊಂದಕ್ಕೇ ಕೊಟ್ಟ ರೊಕ್ಕ ವಸೂಲಾತು ಅಂದ್ರು. ಇಲ್ಲೇ ನನ್ನ ತಕರಾರೂ ಐತಿ. ತಿಂದ ಪ್ಲೇಟ್ ಕಾರಿಡಾರಿನಾಗ ಇಡಬ್ಯಾಡ್ರಿ, ಒಳಗೇ ಇಟ್ಟು ಫೋನ್ ಮಾಡ್ರಿ, ಬಂದು ಒಯ್ತೀವಿ ಅಂತ ರೂಮಿನಾಗ ಚೀಟಿ ಇತ್ತು, ಗಾಲಿ ಕುರ್ಚಿಯವ್ರಿಗೆ ತೊಂದ್ರಿ ಆಗತೈತಂತ. ಒಪ್ಪಿದ್ವಿ, ಫೋನ್ ಮಾಡಿದ್ವಿ. ಒಂದು ತಾಸು, ಎರಡು ತಾಸು, ಮೂರು ತಾಸು, ಯಾರೂ ಇಲ್ಲ, ಕಿಟಕಿ ಇಲ್ಲದ ಅತ್ತಿಯವ್ರ ರೂಮೆಲ್ಲಾ ಸಾಂಬಾರ್ ವಾಸನಿ. ಕಡೀಕ ನಾನೇ ಎತ್ಕೊಂಡು ಮ್ಯಾಲೆ ಹೋಗಿ ಕೊಟ್ಟು ಬಂದೆ. ಎದುರಿನ ರೂಮಿನವ್ರು ಮಾತ್ರ ಬಾಗಲ ಮುಂದ ನಾಕು ಪ್ಲೇಟ್ ಇಟ್ಟು ಹಾಯಾಗಿ ಮಲಗಿದ್ರು, ಅವು ಐದು ನಿಮಿಷದಾಗ ಮಾಯ. ಚೀಟಿ ಓದಿ ನಡಕೊಂಡವ್ರಿಗೆ ಶಿಕ್ಷಾ. ದಿನಾ ತಲಿಗಿಷ್ಟು ಅಂತ ಟಿಪ್ಸ್ ಬಿಲ್ಲಿನಾಗೇ ಹಾಕ್ತಾರ ಮತ್ತ.

ನನ್ನ ತಪ್ಪೂ ಹೇಳಿಬಿಡ್ತೀನಿ. ಮೂರ್ನೇ ರಾತ್ರಿ ಡ್ಯಾನ್ಸ್ ಶೋಗೆ ಲೇಟಾತಂತ ಹುಡುಗ್ರಿಗೆ ಫ್ರೆಂಚ್ ಫ್ರೈಸ್ ಒಂದು ಪ್ಲೇಟ್ ಹಾಕ್ಕೊಂಡು ಥಿಯೇಟರಿಗೆ ಒಯ್ದೆ. ಕತ್ತಲದಾಗ ಸಣ್ಣಾಂವ ಕೆಚಪ್ ಮುಂದಿನ ಸೀಟಿನ ಬೆನ್ನಿಗೆ ಬಳದ. ಮುಂದ ಕುಂತಿದ್ದ ಹೆಣ್ಮಗಳು ಬಿಳೀ ಕೋಟು ಹಾಕಿದ್ಳು, ಇನ್ನೊಂದು ಗೇಣಿನಾಗ ತಪ್ಪಿತು. ಸೆರಗಿಲೇ ಒರಸಿದೆ, ಪ್ಲೇಟ್ ಎಲ್ಲಿಡಬೇಕು ತಿಳೀಲಿಲ್ಲ, ಒಂದು ತಾಸು ತೊಡಿ ಮ್ಯಾಲೆ ಇಟ್ಕೊಂಡು ಕುಂತೆ, ಡ್ಯಾನ್ಸ್ ಏನು ಮಾಡಿದ್ರೋ ನನಗ ನೆನಪಿಲ್ಲ.

ಹಡಗಿಂದ ಇಳಿಯೋವಾಗ ಬಫೆ ತಿನಿಸು ಒಯ್ಯಂಗಿಲ್ಲ, ಹಣ್ಣಂತೂ ಇಲ್ಲೇ ಇಲ್ಲ, ಆ ದೇಶದ ಬೆಳಿಗೆ ಹುಳ ರೋಗ ಹತ್ತತೈತಿ ಅಂತ. ಮಾವ ಜುಬ್ಬಾ ಕಿಸೇದಾಗ ಎರಡು ಬಾಳಿಹಣ್ಣು ಇಟ್ಕೊಂಡಿದ್ರು, ಪೆನಾಂಗಿನಾಗ ಇಳಿಯೋ ಬಾಗಲದಾಗ ಬೋರ್ಡ್ ನೋಡಿ ಅಲ್ಲೇ ನಿಂತು ಎರಡೂ ತಿಂದು ಸಿಪ್ಪಿ ಬುಟ್ಟಿಗೆ ಹಾಕಿ ಇಳದ್ರು. ಇಳದ ಮ್ಯಾಲೆ ಹಸಿವಿನ ಚಿಂತಿ ಬ್ಯಾಡ, ಹಡಗು ನಿಲ್ಲೋ ಸ್ವೆಟೆನ್‌ಹ್ಯಾಮ್ ಪಿಯರಿನಿಂದ ನಡದು ಹೋಗೋ ಅಷ್ಟು ದೂರದಾಗೇ ಲಿಟಲ್ ಇಂಡಿಯಾ ಐತಿ, ತಮಿಳ್ರ ಅಂಗಡಿ, ಬಾಳಿ ಎಲಿ ಊಟ, ನಾಕು ದಿನದಾಗ ಖರೇ ಖಾರ ಸಿಕ್ಕಿದ್ದು ಅಲ್ಲೇ. ಫುಕೆಟಿನಾಗ ನಮ್ಮ ಹಡಗು ದಡಕ್ಕ ಹತ್ತಲಿಲ್ಲ, ಸಣ್ಣ ಬೋಟಿನಾಗ ಇಳಿಸಿದ್ರು, ಅಲ್ಲಿ ಹೊಟ್ಟಿ ತುಂಬಾ ತಿಂದು ಹೋಗಬ್ಯಾಡ್ರಿ, ಬೋಟ್ ಓಲಾಡತೈತಿ.

ಒಟ್ಟು ಬಫೆಗೆ 5ಕ್ಕ 4, ರೂಮಿಂದ ಪ್ಲೇಟ್ ಎತ್ತೋ ಸರ್ವಿಸಿಗೆ 2, ಕೌಂಟರಿನ ಆ ಮಂಗಳೂರು ಹುಡುಗನಿಗೆ 5ಕ್ಕ 6. ವಯಸ್ಸಾದವ್ರನ್ನ ಕರ್ಕೊಂಡು ಹೋಗೋರು ಬಫೆ ಇರೋ ಡೆಕ್ಕಿಗೆ ಹತ್ರದ ರೂಮ್ ಕೇಳ್ರಿ, ಪ್ಲೇಟ್ ಹೊರೋದೇ ತಪ್ಪತೈತಿ. ಮೊಸರು ಬಟ್ಲ ಚಂದ ಕಂಡ್ರ ಮೋಸ ಹೋಗಬ್ಯಾಡ್ರಿ, ಅರ್ಧಕ್ಕರ್ಧ ಸಕ್ಕರಿ ಹಾಕಿದ ಹಣ್ಣಿನ ಮೊಸರೇ, ಅನ್ನದಾಗ ಕಲಸಿದ ಮ್ಯಾಲೆ ಗೊತ್ತಾತು ನನಗ. ಉಪ್ಪಿನಕಾಯಿ ಸೀಲ್ ಇದ್ದದ್ದು ಎರಡು ಪಾಕೀಟು ಜಾಸ್ತಿನೇ ಒಯ್ರಿ, ನಮ್ಮದು ಎರಡ್ನೇ ದಿನಕ್ಕೇ ಮುಗೀತು, ಬಾಜೂ ಟೇಬಲ್ಲಿನ ಗುಜರಾತಿಯವ್ರು ಕೇಳಿ ಕೇಳಿ ಇಸ್ಕೊಂಡ್ರು.