ಚೀನಾದಲ್ಲಿ ‘ಟಾಂಗ್ ಕಾಲದ ಕಂಚಿನ ಕನ್ನಡಿ’ ಕೊಳ್ಳುವ ಮುಂಚೆ ಇದನ್ನು ಓದಿ

ಕೆಲಸಕ್ಕೋ ಪ್ರವಾಸಕ್ಕೋ ಚೀನಾಕ್ಕೆ ಹೋಗುವವರಿಗೆ ಒಂದು ಮಾತು. ಹಳೆ ಸಾಮಾನಿನ ಸಂತೆಯಲ್ಲಿ ಹಸಿರು ಕಿಲುಬು ಹಿಡಿದ ದುಂಡು ಕನ್ನಡಿ ತೋರಿಸಿ ‘ಸಾವಿರ ವರ್ಷ ಹಳೆಯದು’ ಅಂದರೆ ದುಡ್ಡು ಕೊಡಬೇಡಿ.

ನನಗೆ ಮಾರಿದ್ದು ಸಿಂಹ-ದ್ರಾಕ್ಷಿ ಕನ್ನಡಿ. ಹಿಂಬದಿಯಲ್ಲಿ ದ್ರಾಕ್ಷಿ ಬಳ್ಳಿ, ಅದರೊಳಗೆ ಸಿಂಹದಂಥ ಪ್ರಾಣಿಗಳು, ನಡುವೆ ದಾರ ಪೋಣಿಸುವ ಗುಬುಟು. ಚೀನಾವನ್ನು ಟಾಂಗ್ ರಾಜವಂಶ ಆಳುತ್ತಿದ್ದ ಕಾಲದಲ್ಲಿ (618–907) ಈ ಮಾದರಿಗೆ ದೊಡ್ಡ ಹೆಸರು. ಜಪಾನಿನ ತಕಮತ್ಸುಜುಕ ಸಮಾಧಿಯಲ್ಲಿ 1972ರಲ್ಲಿ ಇಂಥದ್ದೇ ಒಂದು ಸಿಕ್ಕಿತ್ತು. ಅಂಗಡಿಯವನು ಇದನ್ನೆಲ್ಲ ಸರಿಯಾಗಿಯೇ ಹೇಳಿದ, ಸರ್ಟಿಫಿಕೇಟ್ ಕೂಡ ಕೊಟ್ಟ.

ಅದೇ ಸಂತೆಯ ಇನ್ನೊಂದು ಸಾಲಿನಲ್ಲಿ ಅದೇ ಕನ್ನಡಿ ಕಂಡಿತು. ಅಂಚಿನ ಅದೇ ಜಾಗದಲ್ಲಿ ಅದೇ ಬಿರುಕು! ಒಂದೇ ಅಚ್ಚಿನಿಂದ ಎರಕ ಹೊಯ್ದರೆ ಮೂಲದ ಗಾಯವೂ ಎಲ್ಲದರಲ್ಲೂ ಮೂಡುತ್ತದೆ. ದ್ರಾಕ್ಷಿ ಕಾಳುಗಳೂ ಮೊಂಡಾಗಿದ್ದವು. ಅಸಲಿಯಲ್ಲಿ ಒಂದೊಂದು ಕಾಳೂ ಬಿಡಿಬಿಡಿಯಾಗಿ ಎದ್ದು ಕಾಣುತ್ತದೆ.

ಮುಖ್ಯವಾಗಿ ನೋಡಬೇಕಾದ್ದು ಲೋಹ. ಟಾಂಗ್ ಕಾಲದ, ಅದಕ್ಕೂ ಹಿಂದಿನ ಹಾನ್ ರಾಜವಂಶದ ಕಾಲದ ಒಳ್ಳೆ ಕನ್ನಡಿಗಳಲ್ಲಿ ನೂರಕ್ಕೆ ಇಪ್ಪತ್ತಕ್ಕಿಂತ ಜಾಸ್ತಿ ತವರ ಇರುತ್ತದೆ, ಜೊತೆಗೆ ಸ್ವಲ್ಪ ಸೀಸ. ಅಷ್ಟು ತವರ ಬೆರೆತರೆ ಲೋಹ ಬೆಳ್ಳಿಯಂತೆ ಬೆಳ್ಳಗಾಗುತ್ತದೆ, ಬಿದ್ದರೆ ಒಡೆಯುತ್ತದೆ. ನಮ್ಮ ಪಕ್ಕದ ಕೇರಳದ ಆರನ್ಮುಳದಲ್ಲಿ ಮಾಡುವ ಲೋಹದ ಕನ್ನಡಿ ಕೈಯಲ್ಲಿ ಹಿಡಿದವರಿಗೆ ಆ ಬಿಳುಪು ಗೊತ್ತಿರುತ್ತದೆ. ನನ್ನ ಕನ್ನಡಿಯ ಅಂಚಿನಲ್ಲಿ ಹಸಿರು ಉದುರಿದ ಕಡೆ ಒಳಗೆ ಹಳದಿ ಹಿತ್ತಾಳೆ ಕಂಡಿತು. ನೈಲ್ ಪಾಲಿಶ್ ತೆಗೆಯುವ ಅಸಿಟೋನ್ ಹಚ್ಚಿ ಹತ್ತಿಯಲ್ಲಿ ಒರೆಸಿದರೆ ಕಿಲುಬೇ ಬಣ್ಣವಾಗಿ ಹತ್ತಿಗೆ ಬಂತು. ನಿಜವಾದ ಕಿಲುಬು ಲೋಹದಿಂದಲೇ ಹುಟ್ಟಿದ್ದು, ಹಾಗೆ ಕರಗುವುದಿಲ್ಲ.

ವಾಪಸ್ ಹೋಗಿ ಕೇಳಿದೆ. ಅವನು ಬಿಲ್ ತೋರಿಸಿದ. ಅದರಲ್ಲಿ ಬರೆದಿದ್ದು ‘ಕರಕುಶಲ ವಸ್ತು’ ಅಂತ ಮಾತ್ರ. ಬಿಲ್ ಲೆಕ್ಕದಲ್ಲಿ ಟಾಂಗ್ ಅಂದಿದ್ದೆಲ್ಲ ಬರೀ ಬಾಯಿಮಾತು, ಹಾಗಾಗಿ ಒಂದು ಪೈಸೆಯೂ ವಾಪಸ್ ಬರಲಿಲ್ಲ. ಇದು ಸರಿಯಾದ ಮೋಸ ಅಲ್ವಾ? ಕಾಲ ಯಾವುದು, ಲೋಹ ಯಾವುದು ಎಂದು ಬಿಲ್‌ನಲ್ಲೇ ಬರೆಸಿ. ಬರೆಯಲ್ಲ ಅಂದರೆ ಎದ್ದು ಬನ್ನಿ.

ಇನ್ನು, ಕನ್ನಡಿ ಅಸಲಿಯೇ ಆಗಿದ್ದರೆ ತೊಂದರೆ ಇನ್ನೂ ದೊಡ್ಡದು. ಅಷ್ಟು ಹಳೆಯ ವಸ್ತುವನ್ನು ಸರ್ಕಾರದ ಅನುಮತಿ ಇಲ್ಲದೆ ಚೀನಾದಿಂದ ಹೊರಗೆ ಒಯ್ಯುವುದು ಅಪರಾಧ. ಸಿಕ್ಕಿಬಿದ್ದರೆ ಅಂಗಡಿಯವನ ಸರ್ಟಿಫಿಕೇಟ್ ಕಸ್ಟಮ್ಸ್‌ನಲ್ಲಿ ನಡೆಯುವುದಿಲ್ಲ.